ತಾತನ ಜೀಪು ವಿಲ್ಲೀಸೋ ಫೋರ್ಡೋ?

ಚಳ್ಳಕೆರೆ ಕಡೆ ಜೀಪಿಗೆ ಇರೋದು ಎರಡೇ ಹೆಸರು. ಹೊಸದಾಗಿದ್ರೆ ಮಹೀಂದ್ರ, ಹಳೇದಾಗಿದ್ರೆ ವಿಲ್ಲೀಸ್. ಈ ವಿಲ್ಲೀಸ್ ಅನ್ನೋದು ಒಂದು ಕಂಪನಿ, ಅದರ ಫ್ಯಾಕ್ಟರಿ ಅಮೆರಿಕದ ಟೊಲಿಡೋ ಅನ್ನೋ ಊರಲ್ಲಿತ್ತು ಅನ್ನೋದೆಲ್ಲ ಯಾರಿಗೆ ಬೇಕು ಹೇಳಿ. ವನಸ್ಪತಿಗೆ ಡಾಲ್ಡಾ ಅಂತ, ನಕಲು ಪ್ರತಿಗೆ ಜೆರಾಕ್ಸ್ ಅಂತ ಕರೆದ ಹಾಗೇ ಇದೂ ಒಂದು.

ನಮ್ಮ ಸೋದರಮಾವನ ಮನೆಯಲ್ಲೂ ಒಂದು ‘ವಿಲ್ಲೀಸ್’ ಇದೆ. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗೋ ದಾರಿಯಲ್ಲಿ ತಳುಕು ದಾಟಿ ಸ್ವಲ್ಪ ಒಳಗೆ ಹೋದ್ರೆ ಸಿಗೋ ಹಳ್ಳಿ. (ತಳುಕು ಗೊತ್ತಲ್ಲ, ವೆಂಕಣ್ಣಯ್ಯನವರ, ತ.ರಾ.ಸು. ಅವರ ಮನೆತನದ ಊರು.) ತಾತ ಅದನ್ನ ಐವತ್ತರ ದಶಕದಲ್ಲಿ ಬಳ್ಳಾರಿಯ ಒಬ್ಬರ ಹತ್ರ ತಗೊಂಡಿದ್ದಂತೆ. ಅವರು ಮಿಲಿಟರಿ ಡಿಸ್ಪೋಸಲ್‌ನಲ್ಲಿ ಕೊಂಡಿದ್ದರಂತೆ. ಶೇಂಗಾ ಮೂಟೆ, ಹೆರಿಗೆ ಬೇನೆ ಬಂದ ಹೆಂಗಸರು, ಮದುವೆ ಗಂಡುಗಳು, ನಾಯಕನಹಟ್ಟಿ ಜಾತ್ರೆಗೆ ಹೋಗೋ ಮಕ್ಕಳು ಮರಿ.. ಎಲ್ಲರನ್ನೂ ಹೊತ್ತಿದೆ ಅದು. ಸ್ಟೀರಿಂಗ್ ಎಡಗಡೆ ಇರೋದ್ರಿಂದ ಊರೋರೆಲ್ಲ ಅದಕ್ಕೆ ‘ಎಡಚ’ ಅಂತ ಅಡ್ಡಹೆಸರು ಇಟ್ಟಿದ್ದರು.

ಹೋದ ವರ್ಷ ಮಾವನ ಎರಡನೇ ಬೋರ್‌ವೆಲ್ಲೂ ಕೈಕೊಟ್ಟಿತು. ಹೊಸದು ಕೊರೆಸೋಕೆ ದುಡ್ಡು ಬೇಕು. ಅದೇ ಸಮಯಕ್ಕೆ ಜೀಪು ಕೇಳಿಕೊಂಡು ಒಬ್ಬರ ಹಿಂದೆ ಒಬ್ಬರಂತೆ ಇಬ್ಬರು ಬಂದರು.

ಮೊದಲನೆಯವರು ಬೆಂಗಳೂರಿನವರು. ಹಳೇ ಗಾಡಿಗಳ ಹುಚ್ಚು, ಒಳ್ಳೇ ಮನುಷ್ಯ. ಇದು ನಿಜವಾದ ಯುದ್ಧಕಾಲದ ಅಮೆರಿಕನ್ ಜೀಪೇ ಆಗಿದ್ದರೆ ಒಂದು ರೇಟು, ನಮ್ಮ ದೇಶದಲ್ಲಿ ಜೋಡಿಸಿದ್ದಾದರೆ ಅದರಲ್ಲಿ ಕಾಲು ಭಾಗ ಅಂದರು. ಎರಡನೆಯವನು ಬ್ರೋಕರ್. ಅವನು ಜೀಪಿನ ಕಡೆ ಸರಿಯಾಗಿ ನೋಡಲೂ ಇಲ್ಲ. “ಗಾಡಿ ನೀವೇ ಇಟ್ಕಳ್ರಿ ಗೌಡ್ರೇ, ಆರ್.ಸಿ. ಬುಕ್ಕು ಕೊಟ್ರೆ ಸಾಕು” ಅಂದ! ಹಳೇ ಕಾಗದಪತ್ರಕ್ಕೇ ಬೆಲೆ. ಎಲ್ಲೋ ಒಂದು ಹೊಸ ಜೀಪು ಜೋಡಿಸಿ, ಅದರ ಚಾಸಿಗೆ ಈ ನಂಬರು ಕೊಟ್ಟು, ಇದೇ 1940ರ ದಶಕದ ಗಾಡಿ ಅಂತ ಮಾರೋ ದಂಧೆ ಅದು. ಮಾವ ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿ, ರಾತ್ರಿ ನನಗೆ ಫೋನ್ ಮಾಡಿದ. “ಅಳಿಯಾ, ನೀನು ಇಂಟರ್‌ನೆಟ್‌ನಾಗೆ ಏನೇನೋ ಓದ್ತಿರ್ತೀಯಲ್ಲ. ಇದು ಯಾವ ಜಾತಿ ಜೀಪು ಅಂತ ಒಂದು ಸಲ ಬಂದು ಹೇಳಪ್ಪ.”

ಹೋದೆ. ಹೋಗೋ ಮುಂಚೆ ಓದಿಕೊಂಡದ್ದು, ಅಲ್ಲಿ ಕಂಡದ್ದು ಎರಡನ್ನೂ ಬರೆದಿಡ್ತೀನಿ. ನಿಮ್ಮಲ್ಲೂ ಯಾರ ಹಿತ್ತಲಲ್ಲಾದರೂ ಇಂಥದ್ದೊಂದು ನಿಂತಿರಬಹುದು.

ಎರಡನೇ ಮಹಾಯುದ್ಧಕ್ಕೆ ಅಮೆರಿಕದ ಸೈನ್ಯ 1941ರಿಂದ 1945ರವರೆಗೆ ಸುಮಾರು ಆರೂವರೆ ಲಕ್ಷ ಜೀಪು ಮಾಡಿಸಿತು. ವಿಲ್ಲೀಸ್ ಕಂಪನಿ ಒಂದಕ್ಕೇ ಅಷ್ಟು ಮಾಡೋ ತಾಕತ್ತಿರಲಿಲ್ಲ. ಹಾಗಾಗಿ ಅದರ ನಕ್ಷೆಯನ್ನೇ ಫೋರ್ಡ್ ಕಂಪನಿಗೂ ಕೊಟ್ಟು, ‘ನೀವೂ ಇದನ್ನೇ ಮಾಡಿ’ ಅಂತ ಗುತ್ತಿಗೆ ಕೊಟ್ಟರು. ವಿಲ್ಲೀಸ್ ಸುಮಾರು 3.6 ಲಕ್ಷ, ಫೋರ್ಡ್ ಸುಮಾರು 2.8 ಲಕ್ಷ. ಒಂದರ ಸಾಮಾನು ಇನ್ನೊಂದಕ್ಕೆ ಹೊಂದಬೇಕು ಅನ್ನೋದೇ ಷರತ್ತು. ರಣರಂಗದಲ್ಲಿ ಕೆಟ್ಟು ನಿಂತಾಗ ‘ಇದು ಯಾವ ಕಂಪನಿದು’ ಅಂತ ಹುಡುಕ್ತಾ ಕೂರೋಕಾಗುತ್ತಾ? ಯುದ್ಧ ಮುಗಿದ ಮೇಲೆ ಬರ್ಮಾ ಗಡಿ ಕಡೆ ಓಡಾಡಿದ ಗಾಡಿಗಳಲ್ಲಿ ಎಷ್ಟೋ ಭಾರತದಲ್ಲೇ ಉಳಿದವು, ಡಿಸ್ಪೋಸಲ್ ಹೆಸರಲ್ಲಿ ಹರಾಜಾಗಿ ಊರೂರು ಸೇರಿದವು. ಆಮೇಲೆ 1947ರಲ್ಲಿ ಬೊಂಬಾಯಿಯಲ್ಲಿ ಮಹೀಂದ್ರದವರು ವಿಲ್ಲೀಸ್ ಕಂಪನಿಯ ನಾಗರಿಕ ಜೀಪುಗಳನ್ನ ಬಿಡಿಬಿಡಿಯಾಗಿ ತರಿಸಿ ಜೋಡಿಸೋಕೆ ಶುರು ಮಾಡಿದರು. ಮುಂದೆ ಇಲ್ಲೇ ತಯಾರಿಸಿದರು. ನಾವು ಸಣ್ಣವರಿದ್ದಾಗ ನೋಡಿದ, ಬಾನೆಟ್ಟು ಎತ್ತರಕ್ಕಿದ್ದ ಬಲಗೈ ಜೀಪು ಈ ಮಹೀಂದ್ರದ್ದು.

ಅಂದ್ರೆ ಒಂದೇ ಥರ ಕಾಣೋ ಮೂರು ಗುಂಪು. ಯುದ್ಧದ ವಿಲ್ಲೀಸ್, ಯುದ್ಧದ ಫೋರ್ಡ್, ಆಮೇಲಿನ ನಾಗರಿಕ ಜೀಪು. ಮೂರನೇದನ್ನ ಬೇರೆ ಮಾಡೋದು ಸುಲಭ. ಮುಂದಿನ ಜಾಲರಿಯಲ್ಲಿ ಉದ್ದುದ್ದ ಸೀಳು ಎಷ್ಟಿವೆ ಎಣಿಸಿ. ಒಂಬತ್ತಿದ್ರೆ ಮಿಲಿಟರಿದು, ಏಳಿದ್ರೆ ನಾಗರಿಕರದ್ದು. ಮಿಲಿಟರಿ ಜೀಪಿನ ದೀಪ ಚಿಕ್ಕದು, ಜಾಲರಿಯ ಒಳಗೆ ಹುದುಗಿಕೊಂಡಿರುತ್ತೆ. ನಾಗರಿಕ ಜೀಪಿನದ್ದು ದೊಡ್ಡದು, ಕಪ್ಪೆ ಕಣ್ಣಿನ ಹಾಗೆ ಹೊರಗೆ. ಮಿಲಿಟರಿ ಜೀಪಿಗೆ ಹಿಂದೆ ಬಾಗಿಲಿಲ್ಲ. ಡ್ರೈವರ್ ಕಡೆ ಪಕ್ಕದ ತಗಡಿನಲ್ಲಿ ಸಲಿಕೆ, ಕೊಡಲಿ ಸಿಕ್ಕಿಸೋಕೆ ತಗ್ಗು ಇರುತ್ತೆ. ಇನ್ನೊಂದು ಮಜಾ ಅಂದ್ರೆ ಪೆಟ್ರೋಲ್ ಟ್ಯಾಂಕು ಇರೋದು ಡ್ರೈವರ್ ಸೀಟಿನ ಕೆಳಗೆ, ಮುಚ್ಚಳವೂ ಅಲ್ಲೇ. ಎಣ್ಣೆ ಹಾಕಿಸಬೇಕಾದರೆ ಡ್ರೈವರ್ ಎದ್ದು ಸೀಟು ಮಗುಚಲೇಬೇಕು. “ನಿಮ್ಮ ತಾತ ಚಳ್ಳಕೆರೆ ಬಂಕಿನಾಗೆ ಎದ್ದು ನಿಲ್ಲೋದು ಆ ಪಂಪಿನ ಹುಡುಗನಿಗೆ ಮಾತ್ರ ಕಣಪ್ಪ, ಬ್ಯಾರೆ ಯಾರಿಗೂ ಎದ್ದೋನಲ್ಲ” ಅಂತ ಮಾವ ಈಗಲೂ ನಗ್ತಾನೆ.

ನಮ್ಮ ಜೀಪಿಗೆ ಸೀಳು ಒಂಬತ್ತು. ದೀಪ ಒಳಗಿದೆ. ಸಲಿಕೆ ತಗ್ಗು ಮುಕ್ಕಾಲು ಭಾಗ ಪುಟ್ಟಿಯಲ್ಲಿ ಮುಚ್ಚಿಹೋಗಿತ್ತು, ಆದರೆ ಅಯಸ್ಕಾಂತ ಹಿಡಿದರೆ ಆ ಜಾಗದಲ್ಲಿ ಅಂಟಲ್ಲ. ಹಾಗಾಗಿ ಅದೂ ಗೊತ್ತಾಯ್ತು. ಹಿಂದೆ ಮಾತ್ರ ತಗಡು ಕತ್ತರಿಸಿ ಬಾಗಿಲು ಮಾಡಿದ್ದಾರೆ. ಅದು ಅಮೆರಿಕದ್ದಲ್ಲ, ಶೇಂಗಾ ಮೂಟೆ ಎಳೆದು ಹಾಕೋಕೆ ಅಂತ ಚಳ್ಳಕೆರೆಯಲ್ಲಿ ಮಾಡಿಸಿದ್ದು. ಹಿಂಜ್ ನೋಡಿದರೆ ಎತ್ತಿನಗಾಡಿ ಮಾಡೋ ಕಮ್ಮಾರನ ಕೈಕೆಲಸ!

ಸರಿ, ಮಿಲಿಟರಿ ಜೀಪು ಅನ್ನೋದು ಖಾತ್ರಿ. ಇನ್ನು ವಿಲ್ಲೀಸೋ ಫೋರ್ಡೋ?

ಇಲ್ಲಿ ನಮ್ಮ ಚಳ್ಳಕೆರೆ ಮೇಸ್ತ್ರಿ ಬಗ್ಗೆ ಹೇಳಲೇಬೇಕು. ಎಪ್ಪತ್ತು ದಾಟಿದೆ, ಈಗ ಗ್ಯಾರೇಜು ಮಗಂದು. ಆದರೂ ಬೆಳಿಗ್ಗೆ ಬಂದು ಸ್ಟೂಲ್ ಮೇಲೆ ಕೂತಿರ್ತಾರೆ. ಎಣ್ಣೆ ಮಿಲ್ಲುಗಳು ಜೋರಾಗಿದ್ದ ಕಾಲದಲ್ಲಿ ಲಾರಿ ರಿಪೇರಿ ಮಾಡಿ ಬೆಳೆದವರು. ಅವರ ಹತ್ರ ಕೂತರೆ ಮಾತೆಲ್ಲ ಡಾಜು, ಫಾರ್ಗೋ, ಡಿಸೋಟಾ, ಬೆಡ್‌ಫೋರ್ಡು. “ನಮ್ಮ ಸಾಹುಕಾರ್ರದ್ದು ಫಾರ್ಗೋ ಲಾರಿ, ಎದುರು ಮಿಲ್ಲಿನೋರದ್ದು ಡಾಜು. ಯಾವ್ದು ಜಾಸ್ತಿ ಎಳೀತೈತೆ ಅಂತ ಡ್ರೈವರ್‌ಗಳು ಕುಸ್ತಿ ಹಿಡಿಯೋರು. ಬಾನೆಟ್ ಎತ್ತಿದ್ರೆ ಎರಡೂ ಒಂದೇ!” ಅಂತ ಅವರು ಹೇಳಿದ್ದು ಅಪ್ಪಟ ಸತ್ಯ. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಕಟ್ಟಿದ ಪ್ರೀಮಿಯರ್ ಕಂಪನಿ ಬೊಂಬಾಯಿಯ ಕುರ್ಲಾದಲ್ಲಿ ಅಮೆರಿಕದ ಕ್ರೈಸ್ಲರ್‌ನವರ ಜೊತೆ ಒಪ್ಪಂದ ಮಾಡಿಕೊಂಡು ಗಾಡಿ ಜೋಡಿಸುತ್ತಿತ್ತು. ಒಂದೇ ಲಾರಿಗೆ ಡಾಜ್, ಫಾರ್ಗೋ, ಡಿಸೋಟೋ ಅಂತ ಬೇರೆ ಬೇರೆ ಹೆಸರಿನ ಪಟ್ಟಿ ಹೊಡೆದು ಬೇರೆ ಬೇರೆ ಅಂಗಡಿಗೆ ಕಳಿಸೋರು. ಕಾರಿನಲ್ಲೂ ಹಾಗೇ. ಡಾಜ್, ಪ್ಲಿಮತ್, ಡಿಸೋಟೋ ಅಣ್ಣತಮ್ಮಂದಿರು, ಜಾಲರಿ ಬೇರೆ ಅಷ್ಟೆ. ಹಾಗಾಗಿ ಹಳೇ ಅಮೆರಿಕನ್ ಗಾಡಿ ಗುರುತಿಸೋರು ಹೆಸರಿನ ಪಟ್ಟಿಯನ್ನ ಕೊನೆಗೆ ನೋಡಬೇಕು. ಅದು ಎರಡು ಸ್ಕ್ರೂ ಬಿಚ್ಚಿದರೆ ಬರುತ್ತೆ. ಇನ್ನೊಂದಕ್ಕೆ ಹಾಕಬಹುದು, ಗುಜರಿಯಲ್ಲಿ ಕೊಳ್ಳಬಹುದು.

ಅಂದಹಾಗೆ ನಮ್ಮ ಕಡೆ ಅಮೆರಿಕನ್ ಗಾಡಿಗಳು ಇದ್ದಕ್ಕಿದ್ದ ಹಾಗೆ ನಿಂತುಹೋಗೋಕೂ ಒಂದು ಕಾರಣ ಇತ್ತು. ಜನರಲ್ ಮೋಟಾರ್ಸ್‌ನವರು 1928ರಲ್ಲೇ ಬೊಂಬಾಯಿಯ ಸೇವ್ರಿಯಲ್ಲಿ ಷೆವ್ರೊಲೆ ಜೋಡಿಸೋಕೆ ಶುರು ಮಾಡಿದ್ದರು, ಫೋರ್ಡ್‌ನವರೂ ಇದ್ದರು. 1953ರಲ್ಲಿ ಸರ್ಕಾರ, ಬರೀ ಜೋಡಿಸೋ ಕೆಲಸ ಸಾಲದು, ಇಲ್ಲೇ ತಯಾರು ಮಾಡೋರು ಮಾತ್ರ ಇರಿ ಅಂತು. ಇಬ್ಬರೂ ಗಂಟುಮೂಟೆ ಕಟ್ಟಿದರು. 1954ರಿಂದ ಜಮ್‌ಶೆಡ್‌ಪುರದ ಟಾಟಾ-ಬೆಂಜ್ ಲಾರಿ ಬಂತು. ಆಮೇಲೆ ಚಳ್ಳಕೆರೆ ರೋಡಿನಲ್ಲೆಲ್ಲ ಬೆಂಜೇ ಬೆಂಜು. ಉಳಿದ ಅಮೆರಿಕನ್ ಗಾಡಿಗಳಿಗೆ ಕಂಪನಿ ಸಾಮಾನು ಸಿಗೋದು ಕಷ್ಟವಾಯ್ತು, ಲೇತ್ ಮೆಷಿನ್ನೇ ಗತಿ. ನಮ್ಮ ಮೇಸ್ತ್ರಿಯಂಥವರು ಹುಟ್ಟಿದ್ದೇ ಆ ಗತಿಯಿಂದ.

ಮೇಸ್ತ್ರಿಯನ್ನ ಹಳ್ಳಿಗೆ ಕರಕೊಂಡು ಹೋದೆ. ನಾನು ಪ್ರಿಂಟ್ ತೆಗೆದುಕೊಂಡು ಹೋಗಿದ್ದ ಚಿತ್ರಗಳನ್ನ ಅವರು ಕನ್ನಡಕ ಏರಿಸಿ ನೋಡಿ, ಮಡಿಸಿ ಜೇಬಿಗಿಟ್ಟುಕೊಂಡು, ಸೀದಾ ಜೀಪಿನ ಮುಂದೆ ಅಂಗಾತ ಮಲಗಿದರು. ವಿಲ್ಲೀಸ್ ಆದರೆ ರೇಡಿಯೇಟರ್ ಕೆಳಗೆ ಚಾಸಿಯ ಎರಡು ಉದ್ದ ಪಟ್ಟಿಗಳನ್ನ ಕೂಡಿಸೋ ಮುಂದಿನ ಅಡ್ಡಪಟ್ಟಿ ದುಂಡು ಪೈಪಿನದ್ದು. ಫೋರ್ಡ್ ಆದರೆ ಅದು ಚೌಕ, ಬೋರಲು ಹಾಕಿದ ದೋಣಿ ಥರ. ಕೈ ಹಾಕಿ ಸವರಿದವರು ಕೆಳಗಿನಿಂದಲೇ ಕೂಗಿದರು. “ದುಂಡಿಲ್ಲ ಕಣಪ್ಪೋ. ಮೂಲೆ ಐತೆ, ಮೂಲೆ!”

ಮಾವ ನನ್ನ ಮುಖ ನೋಡಿದ. ನಾನು ಮಾತಾಡಲಿಲ್ಲ. ಒಂದು ಸಾಕ್ಷಿ ಸಾಲದು. ಚಾಸಿ ಒಂದರದ್ದು, ಬಾಡಿ ಇನ್ನೊಂದರದ್ದು ಆಗಿರೋದು ಈ ಜೀಪುಗಳಲ್ಲಿ ಮಾಮೂಲು. ಸೈನ್ಯದ ವರ್ಕ್‌ಶಾಪಿನಲ್ಲೇ ಬೆರೆಸಿಬಿಡ್ತಿದ್ದರು. ಮೇಲಾಗಿ 1944ರ ಹೊತ್ತಿಗೆ ಎರಡೂ ಕಂಪನಿಗಳಿಗೆ ಹೆಚ್ಚೂಕಡಿಮೆ ಒಂದೇ ಥರದ ಬಾಡಿ. ಹಾಗಾಗಿ ಬಾಡಿಯನ್ನ ನಂಬಿ ಪ್ರಯೋಜನ ಇಲ್ಲ, ನಂಬಿದರೆ ಚಾಸಿ ನಂಬರನ್ನ.

ಆ ನಂಬರು ಹುಡುಕೋದರಲ್ಲಿ ಅರ್ಧ ದಿನ ಹೋಯ್ತು. ವಿಲ್ಲೀಸ್‌ನಲ್ಲಿ ಎಡಗಡೆ ಚಾಸಿಗೆ ಬಂಪರ್ ಹಿಂದೆ ಒಂದು ಪುಟ್ಟ ಪಟ್ಟಿ ರಿವೆಟ್ ಹೊಡೆದಿರ್ತಾರೆ. ಫೋರ್ಡ್‌ನಲ್ಲಿ ಎಡಗಡೆ ಚಾಸಿಯ ಮೇಲ್ಮೈಗೇ, ಇಂಜಿನ್ ಕೂರೋ ಜಾಗದ ಹತ್ರ ಅಕ್ಷರ ಕುಟ್ಟಿರ್ತಾರೆ. ಅಲ್ಲಿ ಅರವತ್ತು ವರ್ಷದ ಗ್ರೀಸು, ಮಣ್ಣು, ಬಣ್ಣ ಸೇರಿ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿತ್ತು. ಇಂಥ ಕಡೆ ಗ್ರೈಂಡರ್ ಹಿಡಿಯಬಾರದು, ಸ್ಯಾಂಡ್‌ಬ್ಲಾಸ್ಟ್‌ಗೂ ಕೊಡಬಾರದು. ಅಕ್ಷರ ಅಳಿಸಿಹೋದರೆ ಜೀಪು ಅನಾಥ, ಪೊಲೀಸರ ಕಣ್ಣಿಗೆ ಕಳ್ಳಮಾಲು ಕೂಡ. ಸೀಮೆಎಣ್ಣೆಯಲ್ಲಿ ನೆನೆಸಿ ನೆನೆಸಿ ಮರದ ಚಕ್ಕೆಯಿಂದ ಕೆರೆದು, ಕೊನೆಗೆ ಹಲ್ಲುಜ್ಜೋ ಬ್ರಷ್ಷು. ಒಣಗಿದ ಮೇಲೆ ಮೇಸ್ತ್ರಿ ಅದರ ಮೇಲೆ ಚಾಕ್‌ಪೀಸ್ ಅಡ್ಡಡ್ಡ ಉಜ್ಜಿ ಬಟ್ಟೆಯಿಂದ ಒರೆಸಿದರು. ತಗ್ಗಿನಲ್ಲಿ ಬಿಳಿ ಉಳಿಯಿತು. ಜಿ. ಪಿ. ಡಬ್ಲ್ಯೂ. ಆಮೇಲೆ ಅಂಕಿಗಳು.

ಫೋರ್ಡ್!

ಮಾವ ತಾತನ ಆರ್.ಸಿ. ಬುಕ್ಕು ತಂದ. ಮೈಸೂರು ರಾಜ್ಯ ಇದ್ದಾಗಿನ ಎಂ.ವೈ. ನಂಬರಿನದ್ದು, ಗುಮಾಸ್ತರ ಮುದ್ದಾದ ಕೈಬರಹ. ತಯಾರಕರ ಹೆಸರು ಅನ್ನೋ ಕಡೆ ‘ವಿಲ್ಲೀಸ್’ ಅಂತಲೇ ಇದೆ. ಆದರೆ ಚಾಸಿ ನಂಬರೂ ಇಂಜಿನ್ ನಂಬರೂ ಒಂದೇ! ಇದು ಇನ್ನೊಂದು ಸಾಕ್ಷಿ. ಫೋರ್ಡ್‌ನವರು ಇಂಜಿನ್ನಿನ ನಂಬರನ್ನೇ ಚಾಸಿಗೂ ಕುಟ್ಟುತ್ತಿದ್ದರು, ವಿಲ್ಲೀಸ್‌ನಲ್ಲಿ ಎರಡೂ ಬೇರೆ ಬೇರೆ. ಅಂದರೆ ತಾತ ಕೊಂಡಾಗ ಚಾಸಿ, ಇಂಜಿನ್ ಎರಡೂ ಹುಟ್ಟಿದಾಗಿನ ಜೋಡಿಯೇ.

ಸಂಜೆ ಇನ್ನೊಂದು ಸಿಕ್ಕಿತು. ಫೋರ್ಡ್‌ನವರಿಗೆ ಒಂದು ಚಟ ಇತ್ತು. ತಾವು ಮಾಡಿದ ಪ್ರತಿಯೊಂದು ಸಣ್ಣ ಸಾಮಾನಿನ ಮೇಲೂ, ಬೋಲ್ಟಿನ ತಲೆ ಮೇಲೂ, ತಮ್ಮ ಶೈಲಿಯ ಒಂದು ‘ಎಫ್’ ಅಕ್ಷರ ಒತ್ತುತ್ತಿದ್ದರು. ಸೈನ್ಯದವರು 1942ರಲ್ಲಿ ಬಾಡಿ ಮೇಲೆ ಕಂಪನಿ ಹೆಸರು ಬೇಡ ಅಂದಿದ್ದರು, ಆದರೆ ಬೋಲ್ಟಿನ ತಲೆಯನ್ನ ಯಾರು ನೋಡ್ತಾರೆ? ನಮ್ಮ ಜೀಪಿನಲ್ಲಿ ಮುಕ್ಕಾಲು ಬೋಲ್ಟು ಚಳ್ಳಕೆರೆ ಹಾರ್ಡ್‌ವೇರ್ ಅಂಗಡಿಯವು. ಬಂಪರ್ ಹತ್ರ ಒಂದೇ ಒಂದು ಹಳೇ ಬೋಲ್ಟು ಉಳಿದಿತ್ತು. ಅದರ ತಲೆ ಮೇಲೆ ಬಾಲ ಸುತ್ತಿದ ‘ಎಫ್’.

ನನಗೆ ತಟ್ಟನೆ ಬ್ರಹ್ಮಗಿರಿ ನೆನಪಾಯ್ತು. ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಲಘು ಶಿಲಾಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದದ್ದು. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದೆ, ರಾಜನ ಮಾತು. ಕೊನೆಯಲ್ಲಿ ಬರೆದವನು ಚಪಡ ಅಂತ ಹೆಸರು ಬರುತ್ತೆ, ಲಿಪಿಕಾರ ಅನ್ನೋ ಪದವನ್ನ ಮಾತ್ರ ವಾಯುವ್ಯ ದಿಕ್ಕಿನ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಎಲ್ಲಿಂದಲೋ ಬಂದ ಕೆಲಸಗಾರ, ರಾಜನ ಕಲ್ಲಿನ ಮೂಲೆಯಲ್ಲಿ ತನ್ನ ಕಡೆಯ ಅಕ್ಷರ ಬಿಟ್ಟುಹೋದ. ಮೇಸ್ತ್ರಿಗೆ ಇದನ್ನ ಹೇಳಿದೆ. ಅವರು ಬೋಲ್ಟು ಒರೆಸುತ್ತಾ “ಕೆಲಸ ಮಾಡಿದೋನಿಗೆ ಅಷ್ಟೂ ಇರಬಾರದೇನಪ್ಪ” ಅಂದರು.

ಆದರೆ ಮಾವನಿಗೆ ಬೇಜಾರಾಗಿತ್ತು. ದುಡ್ಡಿನ ವಿಷಯಕ್ಕಲ್ಲ, ಫೋರ್ಡ್ ಆದರೂ ಬೆಲೆ ಕಮ್ಮಿ ಏನಿಲ್ಲ. “ಹಂಗಾದ್ರೆ ಅಪ್ಪ ಅಷ್ಟು ವರ್ಷ ವಿಲ್ಲೀಸ್ ವಿಲ್ಲೀಸ್ ಅಂದಿದ್ದು ಸುಳ್ಳಾ?” ಆಗ ಜಿ.ಪಿ.ಡಬ್ಲ್ಯೂ. ಅಂದರೇನು ಅಂತ ಬಿಡಿಸಿ ಹೇಳಿದೆ. ಜಿ ಅಂದರೆ ಸರ್ಕಾರಿ ಗುತ್ತಿಗೆ, ಪಿ ಅಂದರೆ ಮುಂದಿನ-ಹಿಂದಿನ ಚಕ್ರದ ನಡುವೆ 80 ಇಂಚು ಇರೋ ಗಾಡಿ, ಡಬ್ಲ್ಯೂ ಅಂದರೆ ವಿಲ್ಲೀಸ್ ನಕ್ಷೆ. ಚಾಸಿ ಮೇಲೆ ಫೋರ್ಡ್‌ನವರೇ ವಿಲ್ಲೀಸ್‌ನ ಮೊದಲಕ್ಷರ ಕುಟ್ಟಿದ್ದಾರೆ. ಮಾವ ಆ ಡಬ್ಲ್ಯೂ ಮೇಲೆ ಹೆಬ್ಬೆಟ್ಟಾಡಿಸಿದ. “ನೋಡ್ದಾ? ನಮ್ಮಪ್ಪ ಹೇಳಿದ್ದು ಇಲ್ಲಿ ಕೆತ್ತೈತೆ!”

ಬೆಂಗಳೂರಿನವರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಅವರಿಗೆ ಭಾರೀ ಖುಷಿ. ಮುಂದಿನ ಪ್ರಶ್ನೆ ಕೇಳಿದರು. “ಇಂಜಿನ್ ಒರಿಜಿನಲ್ ಇದೆಯಾ?”

ಇಲ್ಲ. ಅದೇ ಸಮಸ್ಯೆ. ಆ ಜೀಪಿಗೆ ಬಂದಿದ್ದು 2.2 ಲೀಟರಿನ, ಅರವತ್ತು ಕುದುರೆ ಶಕ್ತಿಯ ಪೆಟ್ರೋಲ್ ಇಂಜಿನ್. ಎಂಬತ್ತರ ದಶಕದಲ್ಲಿ ಪೆಟ್ರೋಲ್ ರೇಟು ತಡೆಯೋಕಾಗದೆ, ನಮ್ಮ ಕಡೆ ಎಷ್ಟೋ ಜೀಪು, ಅಂಬಾಸಿಡರ್‌ಗಳಿಗೆ ಮಾಡಿದ ಹಾಗೆ, ಮಾವ ಇದಕ್ಕೂ ಹಳೇ ಮ್ಯಾಟಡೋರ್ ವ್ಯಾನಿನ ಡೀಸೆಲ್ ಇಂಜಿನ್ ಕೂರಿಸಿದ. ಕೂರಿಸಿದ್ದು ಯಾರು? ಇದೇ ಮೇಸ್ತ್ರಿ! ಪೆಟ್ರೋಲ್ ಇಂಜಿನ್ ಗುಜರಿಗೆ ಹೋಯ್ತು. ಆರ್.ಸಿ.ಯಲ್ಲಿ ಬದಲಾವಣೆ ಬರೆಸಿದ್ದಾರೆ, ಎಲ್ಲ ಸಕ್ರಮ.

ಈಗ ಕಾನೂನು ನೋಡಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ನಿಯಮ ತಂತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿರಬೇಕು. ನಂಬರಿನ ನಡುವೆ ‘ವಿ.ಎ.’ ಅಕ್ಷರ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಚಾಲ್ತಿ, ಆಮೇಲೆ ನವೀಕರಣಕ್ಕೆ 5,000. ದಿನನಿತ್ಯ ಓಡಿಸೋ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ, ಸಂಶೋಧನೆ, ರಿಪೇರಿ, ಎಣ್ಣೆ ಹಾಕಿಸೋದು ಇಂಥದಕ್ಕೆ ಮಾತ್ರ ರಸ್ತೆಗಿಳಿಸಬಹುದು. ಎಲ್ಲಕ್ಕಿಂತ ಮುಖ್ಯ, ಗಾಡಿ ಮೂಲರೂಪದಲ್ಲಿರಬೇಕು. ಚಾಸಿ, ಬಾಡಿ, ಇಂಜಿನ್ ದೊಡ್ಡದಾಗಿ ಮಾರ್ಪಾಡಾಗಿರಬಾರದು.

ನಿಯಮ ತಪ್ಪು ಅಂತ ನಾನು ಹೇಳಲ್ಲ. ಯಾವುದಾದರೂ ಒಂದು ಗೆರೆ ಎಳೆಯಲೇಬೇಕಲ್ಲ. ಆದರೆ ಸ್ವಲ್ಪ ಯೋಚನೆ ಮಾಡಿ. ಡೀಸೆಲ್ ಇಂಜಿನ್ ಹಾಕಿಸದೇ ಇದ್ದಿದ್ದರೆ ಈ ಜೀಪು 1985ರಲ್ಲೇ ಗುಜರಿ ತಕ್ಕಡಿ ಹತ್ತುತ್ತಿತ್ತು. ಯಾವ ರಿಪೇರಿಯಿಂದ ಇದು ಇವತ್ತಿನವರೆಗೂ ಉಳಿದಿದೆಯೋ ಅದೇ ರಿಪೇರಿಯಿಂದ ಇದು ವಿಂಟೇಜ್ ಅಲ್ಲ! ಮೂಲರೂಪದಲ್ಲಿ ಉಳಿಯೋದು ಓಡಿಸೋ ಅಗತ್ಯ ಇಲ್ಲದ ಮನೆಯ ಗಾಡಿಗಳು, ರಾಜರದ್ದು, ಸಾಹುಕಾರರದ್ದು. ಶ್ರೀರಂಗಪಟ್ಟಣದ ಹತ್ರ ಧರ್ಮಸ್ಥಳದವರ ‘ಪಯಣ’ ಅನ್ನೋ ವಾಹನ ಸಂಗ್ರಹಾಲಯ 2023ರಲ್ಲಿ ಶುರುವಾಯ್ತು, ನೋಡಿ ಬಂದಿದ್ದೀನಿ. ಕನ್ನಡಿಯಂಥ ಕಾರುಗಳು, ನೋಡೋಕೆ ಎರಡು ಕಣ್ಣು ಸಾಲದು. ನಮ್ಮ ಎಡಚನಿಗೆ ಆ ಯೋಗ ಇರಲಿಲ್ಲ, ಅದು ದುಡಿಯೋ ಮನೆಗೆ ಬಂದ ಸೊಸೆ.

ಬೆಂಗಳೂರಿನವರು ತಮ್ಮ ಯೋಜನೆ ಹೇಳಿದರು. ಹರಿಯಾಣದ ಡಬ್ವಾಲಿಯಲ್ಲಿ ಹಳೇ ಜೀಪುಗಳದ್ದೇ ದೊಡ್ಡ ಮಾರುಕಟ್ಟೆ ಇದೆ, ಅಲ್ಲಿ ಪೆಟ್ರೋಲ್ ಇಂಜಿನ್ ಹುಡುಕ್ತೀನಿ ಅಂದರು. ಬಾಡಿ? ಫಿಲಿಪ್ಪೀನ್ಸ್‌ನಲ್ಲಿ ಯುದ್ಧಕಾಲದ ಜೀಪಿನ ಪಡಿಯಚ್ಚು ಬಾಡಿ ಹೊಸದಾಗಿ ಮಾಡ್ತಾರೆ, ತರಿಸಬಹುದು. ಬಾನೆಟ್ಟಿಗೆ ಮಿಲಿಟರಿ ಹಸಿರು, ಬಿಳಿ ನಕ್ಷತ್ರ. ಅವರ ಮಾತಲ್ಲಿ ಮೋಸ ಇಲ್ಲ, ಪ್ರೀತಿಯೇ ಇತ್ತು. ಆದರೆ ಲೆಕ್ಕ ಹಾಕಿದರೆ ಕೊನೆಗೆ ನಮ್ಮ ಜೀಪಿನದ್ದು ಅಂತ ಉಳಿಯೋದು ಎರಡು ಉದ್ದ ಪಟ್ಟಿ, ಒಂದು ಮೂಲೆ ಇರೋ ಅಡ್ಡಪಟ್ಟಿ, ಒಂದು ಬೋಲ್ಟು.

ಮಾವ ಮೂರು ದಿನ ಯೋಚಿಸಿದ. ನಾನು ಏನೂ ಹೇಳಲಿಲ್ಲ. ಬೋರ್‌ವೆಲ್ ಅವನದ್ದು, ಜೀಪೂ ಅವನದ್ದು. ಬೆಂಗಳೂರಲ್ಲಿ ಕೂತು ‘ಪರಂಪರೆ ಉಳಿಸು ಮಾವ’ ಅಂತ ಉಪದೇಶ ಮಾಡೋದು ಸುಲಭ. ನಾಲ್ಕನೇ ದಿನ ಅವನೇ ಫೋನ್ ಮಾಡಿದ. ಎರಡು ಎತ್ತು ಮಾರಿ, ಸೊಸೈಟಿಯಲ್ಲಿ ಸ್ವಲ್ಪ ಸಾಲ ಎತ್ತಿ ಬೋರ್ ಕೊರೆಸ್ತೀನಿ ಅಂದ. “ಎತ್ತು ಮತ್ತೆ ತರಬೋದು ಕಣಪ್ಪ. ನಮ್ಮೂರ ತೇರಿಗೆ ಗಾಲಿ ಬದಲಾಯಿಸಿದ್ರು, ಯಾರಾನ ಇದು ಬ್ಯಾರೆ ತೇರು ಅಂದ್ರಾ? ಆ ಯಪ್ಪ ಗಾಲಿ ಇಟ್ಕಂಡು ತೇರೇ ಬದಲಾಯಿಸ್ತೀನಿ ಅಂತಾನಲ್ಲ.” ಅತ್ತೆಗೆ ಈ ತೀರ್ಮಾನ ಇಷ್ಟ ಆಗಿಲ್ಲ, ಈಗಲೂ ಇಲ್ಲ. ಅವರ ಮಾತಿನಲ್ಲೂ ನ್ಯಾಯ ಇದೆ. ಎತ್ತು ದುಡಿಯುತ್ತಿದ್ದವು.

ಆಮೇಲೆ ನಾಲ್ಕು ತಿಂಗಳು, ಬಿಡುವಾದ ಭಾನುವಾರಗಳಲ್ಲಿ ಕೆಲಸ. ಡೀಸೆಲ್ ಇಂಜಿನ್ ಹಾಗೇ, ಹಿಂದಿನ ಶೇಂಗಾ ಬಾಗಿಲೂ ಹಾಗೇ. ಬ್ರೇಕು, ಸ್ಟೀರಿಂಗು, ಆಕ್ಸಲ್ಲಿನ ಎಷ್ಟೋ ಸಾಮಾನು ಮಹೀಂದ್ರ ಜೀಪಿನದ್ದೇ ಹೊಂದುತ್ತೆ, ಒಂದೇ ವಂಶ ತಾನೇ. ನೆಲದ ತಗಡು ಬಿಚ್ಚಿದಾಗ ಒಂದು ಆಶ್ಚರ್ಯ. ಈ ಜೀಪುಗಳ ತಳಕ್ಕೆ ಬಲ ಕೊಡೋ ಪಟ್ಟಿಗಳ ಒಳಗೆ ಮರದ ತುಂಡು ತುಂಬಿರ್ತಾರೆ. ಮಳೆ ಇರೋ ಊರಲ್ಲಿ ಆ ಮರ ನೀರು ಕುಡಿದು ಕೂತು ಸುತ್ತಲ ಕಬ್ಬಿಣವನ್ನೆಲ್ಲ ತಿಂದುಹಾಕುತ್ತೆ. ನಮ್ಮದರಲ್ಲಿ ಒಂದು ಪಟ್ಟಿಯೊಳಗೆ ಮರ ಇನ್ನೂ ಮರವಾಗೇ ಇತ್ತು! ರಾಜ್ಯದಲ್ಲೇ ಅತಿ ಕಮ್ಮಿ ಮಳೆ ಬೀಳೋ ಊರುಗಳಲ್ಲಿ ಚಳ್ಳಕೆರೆ ಒಂದು. ಬೋರ್ ಬತ್ತಿಸಿದ ಬರವೇ ಜೀಪನ್ನ ಉಳಿಸಿತ್ತು.

ಬಣ್ಣ ಕೆರೆಯೋದು ನನ್ನ ಪಾಲಿನ ಕೆಲಸ. ಮೇಲೆ ಬಿಳಿ, ಒಂದು ಎಲೆಕ್ಷನ್ನಿನಲ್ಲಿ ಬಾಡಿಗೆಗೆ ಹೋದಾಗ ಬಳಿದದ್ದು. ಅದರ ಕೆಳಗೆ ಇಟ್ಟಿಗೆ ಕೆಂಪು. ಅದರ ಕೆಳಗೆ ನೀಲಿ. ನೀಲಿ ಕೆಳಗೆ ಬೂದಿ ಬಣ್ಣ, ತಾತ ತಂದಾಗಿನದು. ಎಲ್ಲಕ್ಕಿಂತ ಅಡಿಗೆ ಕಪ್ಪಿಟ್ಟ ಮಿಲಿಟರಿ ಹಸಿರು. 1947ರಲ್ಲಿ, ಅಂದರೆ ಇಂಥ ಜೀಪುಗಳು ಹರಾಜಾಗುತ್ತಿದ್ದ ಕಾಲದಲ್ಲೇ, ಮಾರ್ಟಿಮರ್ ವೀಲರ್ ಇದೇ ಬ್ರಹ್ಮಗಿರಿಯಲ್ಲಿ ಅಗೆದು ಕಲ್ಲುಕೊಡಲಿಯ ಜನ, ಅವರ ಮೇಲೆ ಬೃಹತ್ ಶಿಲಾ ಗೋರಿಯ ಜನ, ಅವರ ಮೇಲೆ ಶಾತವಾಹನರ ಕಾಲ ಅಂತ ಪದರ ಪದರವಾಗಿ ಓದಿದ್ದರು. ನನ್ನ ಹತ್ರ ಇದ್ದದ್ದು ಉಪ್ಪಿನ ಕಾಗದ, ಒಂದು ಬಕೆಟ್ ನೀರು. ಬಾಗಿಲ ಹತ್ರ ಒಂದು ಅಂಗೈಯಗಲ ಜಾಗದಲ್ಲಿ ಐದೂ ಪದರ ಕಾಣೋ ಹಾಗೆ ಉಳಿಸಿ, ಮೇಲೆ ವಾರ್ನಿಷ್ ಹೊಡೆದಿದ್ದೀವಿ. (ತಲೆ ಮೇಲೆ ಆಗಾಗ ಕುದಾಪುರದ ಕಡೆಯಿಂದ ಡಿ.ಆರ್.ಡಿ.ಓ. ದವರ ಚಾಲಕರಿಲ್ಲದ ವಿಮಾನ ಗುಂಯ್ ಅಂತಿತ್ತು. ಮೇಸ್ತ್ರಿ ತಲೆ ಎತ್ತಿ ನೋಡಿ “ಅದ್ರ ಕಾರ್ಬರೇಟರ್ ಯಾವ್ದಿರಬೋದು” ಅಂದರು.)

ಹೊಸ ಬಣ್ಣ ಯಾವುದು? ಮೇಸ್ತ್ರಿ ಮಗನಿಗೆ ಹಸಿರು, ನಕ್ಷತ್ರ ಬೇಕಿತ್ತು, ಫೋಟೋಕ್ಕೆ ಚೆನ್ನಾಗಿರುತ್ತೆ ಅಂತ. ಮಾವ ನೀಲಿ ಅಂದ. 1974ರಲ್ಲಿ ನಮ್ಮಮ್ಮನ ಮದುವೆಗೆ ಹೊಡೆಸಿದ ಬಣ್ಣ ಅದು. ಅಮ್ಮ ಮೊಳಕಾಲ್ಮೂರು ಸೀರೆ ಉಟ್ಟು ಆ ಜೀಪಿನ ಹಿಂದಿನ ಸೀಟಲ್ಲಿ ಕೂತು ಗಂಡನ ಮನೆಗೆ ಹೋಗಿದ್ದು. ಚಳ್ಳಕೆರೆ ಪೇಂಟ್ ಅಂಗಡಿಯಲ್ಲಿ ಕಿತ್ತ ಚಕ್ಕೆ ತೋರಿಸಿ ಮೂರು ಸಲ ಬೆರೆಸಿದ ಮೇಲೆ ಸರಿಯಾಯ್ತು.

ಆರ್.ಸಿ. ನವೀಕರಣ ಹೋದ ಡಿಸೆಂಬರಿನಲ್ಲಿ. ಐದು ವರ್ಷದ ಹಿಂದೆ ಇದಕ್ಕೆ 600 ರೂಪಾಯಿ ಇತ್ತು. 2022ರಲ್ಲಿ 5,000 ಆಯ್ತು, 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ದಾಟಿದ ಗಾಡಿಗೆ 10,000. ಕಟ್ಟಿದೆವು. ಮಾಮೂಲಿ ಗಾಡಿಯಾಗೇ ಇರೋದ್ರಿಂದ ಸಂತೆಗೂ ಹೋಗಬಹುದು, ಜಾತ್ರೆಗೂ ಹೋಗಬಹುದು, ಯಾರ ಅಪ್ಪಣೆಯೂ ಬೇಡ. ತಯಾರಕರ ಹೆಸರು ತಿದ್ದಿಸೋಣ್ವಾ ಅಂತ ಕೇಳಿದೆ. “ಅಪ್ಪನ ಕಾಲದ ಬರಹ, ಇರ್ಲಿ ಬಿಡು” ಅಂದ ಮಾವ.

ಇನ್ನು ಒಂದು ಕೆಲಸ ಬಾಕಿ ಇದೆ. ಈ ಮಿಲಿಟರಿ ಜೀಪುಗಳ ದೀಪಕ್ಕೆ ಒಂದು ಹಿಂಜ್ ಇರುತ್ತೆ. ಕಿವಿ ಇರೋ ನಟ್ಟು ಸಡಿಲಿಸಿ ದೀಪವನ್ನ ಹಿಂದಕ್ಕೆ ಮಗುಚಿದರೆ ಇಂಜಿನ್ ಮೇಲೆ ಬೆಳಕು ಬೀಳುತ್ತೆ, ಕತ್ತಲಲ್ಲಿ ರಿಪೇರಿ ಮಾಡೋಕೆ. ತಾತ ಹಿರೇಹಳ್ಳಿ ಹತ್ರ ಒಂದು ಅಮಾವಾಸ್ಯೆ ರಾತ್ರಿ ಹಾಗೆ ದೀಪ ತಿರುಗಿಸಿಕೊಂಡು ಫ್ಯಾನ್ ಬೆಲ್ಟ್ ಬದಲಿಗೆ ಹಗ್ಗ ಕಟ್ಟಿದ್ದನ್ನ ಮಾವ ಕಣ್ಣಾರೆ ನೋಡಿದ್ದಾನೆ. ನಮ್ಮದರಲ್ಲಿ ಬಲಗಡೆ ಹಿಂಜ್ ಇದೆ, ಎಡಗಡೆಯದ್ದು ಇಲ್ಲ, ಅಲ್ಲಿ ದೀಪವನ್ನ ತಗಡಿಗೇ ವೆಲ್ಡ್ ಮಾಡಿದ್ದಾರೆ. ಹೊಸ ಪಡಿಯಚ್ಚು ಸಿಗುತ್ತೆ, ಆದರೆ ಮೇಸ್ತ್ರಿ ಹಳೇದೇ ಬೇಕು ಅಂತ ಹಟ ಹಿಡಿದಿದ್ದಾರೆ. ನಿಮ್ಮೂರ ಗುಜರಿಯಲ್ಲಿ ಒಂಬತ್ತು ಸೀಳಿನ ಜಾಲರಿ ಕಣ್ಣಿಗೆ ಬಿದ್ದರೆ, ಎಡಗಡೆ ದೀಪದ ಹಿಂದೆ ಒಂದು ಸಲ ಕೈ ಹಾಕಿ ನೋಡಿ. ಹಿಂಜ್ ಇದ್ದರೆ ಇಲ್ಲೇ ಕೆಳಗೆ ಒಂದು ಮಾತು ಬರೆಯಿರಿ, ಬಂದು ತಗೊಂಡು ಹೋಗ್ತೀನಿ.